ಕಾರಿನ ಲೋಗೋ ಕೀಳಬೇಡಿ, ಅದರ ಹಿಂದಿನ ಟೇಪ್ ಕತ್ತರಿಸಿ

ನಮ್ಮ ಚಿಕ್ಕಪ್ಪನ ಕಾರಿನ ಡಿಕ್ಕಿ ಮೇಲೆ ಉಗುರಿನ ಆಕಾರದ ಒಂದು ಗೀರು ಇತ್ತು. ಅರ್ಧ ಇಂಚೂ ಉದ್ದ ಇಲ್ಲ. ಲೋಗೋದ ಕ್ರೋಮ್ ಸಿಪ್ಪೆ ಏಳುತ್ತಿದೆ, ಹೊಸದು ಹಾಕಿಸೋಣ ಅಂತ ಅವರು ಒಂದು ಗ್ಯಾರೇಜಿಗೆ ಹೋಗಿದ್ದರು. ಅಲ್ಲಿನ ಹುಡುಗ ಸ್ಕ್ರೂಡ್ರೈವರ್ ತುದಿಯನ್ನು ಲೋಗೋ ಅಡಿಗೆ ತೂರಿಸಿ ಮೀಟಿದ. ಲೋಗೋ ಎದ್ದು ಬಂತು. ಸ್ಕ್ರೂಡ್ರೈವರ್ ಊರಿದ ಜಾಗದ ಬಣ್ಣವೂ ಎದ್ದಿತು. ಹೊಸ ಲೋಗೋ ಅದನ್ನು ಮುಕ್ಕಾಲು ಪಾಲು ಮುಚ್ಚಿದ್ದರಿಂದ ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಕಾರು ಇರುವುದು ಕುಂದಾಪುರದಲ್ಲಿ. ಉಪ್ಪಿನ ಗಾಳಿ, ಬಿಡದೆ ಸುರಿಯುವ ಮಳೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೀರಿನ ಸುತ್ತ ಬಣ್ಣ ಗುಳ್ಳೆ ಎದ್ದು, ಒಳಗಿಂದ ತುಕ್ಕಿನ ನೀರು ಇಳಿಯತೊಡಗಿತು. ಕೊನೆಗೆ ಡಿಕ್ಕಿಗೆ ಪೂರ್ತಿ ಬಣ್ಣ ಹೊಡೆಸಬೇಕಾಯಿತು.

ಈ ಸಲ ಪೇಂಟರ್ ಕೈಗೆ ಕೊಡುವ ಮೊದಲೇ ಲೋಗೋ, ಹೆಸರಿನ ಅಕ್ಷರ ಎಲ್ಲವನ್ನೂ ಮನೆಯ ಅಂಗಳದಲ್ಲಿ ನಾನೇ ತೆಗೆದೆ. ಆಮೇಲೆ ನಾನೇ ವಾಪಸ್ ಅಂಟಿಸಿದೆ. ಬೇಕಾಗಿದ್ದು ಹೇರ್ ಡ್ರೈಯರ್, ಗಾಳದ ದಾರ, ಮಾಸ್ಕಿಂಗ್ ಟೇಪ್ ಮತ್ತು ಸ್ವಲ್ಪ ಸಮಾಧಾನ. ಲೋಗೋದ ಹಿಂದೆ ಏನಿದೆ ಅಂತ ಗೊತ್ತಿದ್ದರೆ ಈ ಕೆಲಸಕ್ಕೆ ಹೆದರುವಂಥದ್ದೇನೂ ಇಲ್ಲ.

ಹಿಂದೆ ಇರುವುದು ಒಂದು ಮಿಲಿಮೀಟರ್

ಕಾರಿನ ಬಣ್ಣ ಅಂದರೆ ಒಂದೇ ಪದರ ಅಲ್ಲ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ. ಅದರ ಮೇಲೆ ಪ್ರೈಮರ್, ಆಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಕೊನೆಗೆ ಹೊಳಪು ಕೊಡುವ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬರುವ ಕಾರಿನಲ್ಲಿ ಇಷ್ಟೂ ಸೇರಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಅಂದರೆ ಕಾರಿನ ಬಣ್ಣದ ಇಡೀ ದಪ್ಪ ಎರಡು ಕೂದಲಿನಷ್ಟು, ಅಷ್ಟೇ. ಅದರಲ್ಲಿ ಕ್ಲಿಯರ್ ಕೋಟ್ ಪಾಲು 40 ಮೈಕ್ರಾನ್ ಆಸುಪಾಸು.

ಇನ್ನು ಲೋಗೋ. ಈಗಿನ ಕಾರುಗಳಲ್ಲಿ ಲೋಗೋ ಹೆಚ್ಚಾಗಿ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನದು, ಮೇಲೆ ಕ್ರೋಮ್ ಲೇಪನ. ನೋಡಲು ಲೋಹದ ಹಾಗೆ ಕಾಣುತ್ತದೆ, ಅಷ್ಟೇ. ಬಣ್ಣಕ್ಕೂ ಪ್ಲಾಸ್ಟಿಕ್‌ಗೂ ನಡುವೆ ಎರಡೂ ಕಡೆ ಅಂಟಿರುವ ಫೋಮ್ ಟೇಪ್ ಇರುತ್ತದೆ. ಇದರ ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್, ಬಣ್ಣಕ್ಕಿಂತ ಏಳೆಂಟು ಪಟ್ಟು ದಪ್ಪ. ನಮ್ಮ ಕೆಲಸವೆಲ್ಲ ಈ ಒಂದು ಮಿಲಿಮೀಟರ್ ಒಳಗೇ ನಡೆಯಬೇಕು. ಸ್ಕ್ರೂಡ್ರೈವರ್ ತುದಿ ಈ ಸಂದಿಯಲ್ಲಿ ಹಿಡಿಸುವುದೇ ಇಲ್ಲ. ದಾರ ಹಿಡಿಸುತ್ತದೆ.

ಗಟ್ಟಿ ಗೋಂದು ಬಿಟ್ಟು ಮೆತ್ತನೆ ಫೋಮ್ ಯಾಕೆ ಹಾಕುತ್ತಾರೆ? ಬಿಸಿಲಿಗೆ ತಗಡೂ ಹಿಗ್ಗುತ್ತದೆ, ಪ್ಲಾಸ್ಟಿಕ್ಕೂ ಹಿಗ್ಗುತ್ತದೆ. ಆದರೆ ಒಂದೇ ಅಳತೆಯಲ್ಲಿ ಅಲ್ಲ. ಎಬಿಎಸ್ ಪ್ಲಾಸ್ಟಿಕ್ ಉಕ್ಕಿಗಿಂತ ಆರೇಳು ಪಟ್ಟು ಜಾಸ್ತಿ ಹಿಗ್ಗುತ್ತದೆ. 20 ಸೆಂಟಿಮೀಟರ್ ಉದ್ದದ ಹೆಸರಿನ ಪಟ್ಟಿ ಇದೆ ಅಂತಿಟ್ಟುಕೊಳ್ಳಿ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ 40 ಡಿಗ್ರಿ ವ್ಯತ್ಯಾಸವಾದರೆ ಪ್ಲಾಸ್ಟಿಕ್ ತಗಡಿಗಿಂತ ಅರ್ಧ ಮಿಲಿಮೀಟರ್ ಜಾಸ್ತಿ ಉದ್ದವಾಗುತ್ತದೆ. ದಿನಾ ನಡೆಯುವ ಈ ಜಗ್ಗಾಟವನ್ನು ಫೋಮ್ ತಡೆದುಕೊಳ್ಳುತ್ತದೆ. ಫೆವಿಕ್ವಿಕ್ ಥರದ ಅಂಟು ತಡೆಯುವುದಿಲ್ಲ. ಅದು ಒಣಗಿದ ಮೇಲೆ ಗಾಜಿನ ಹಾಗೆ ಪೆಡಸಾಗಿ, ಕೆಲವು ತಿಂಗಳಲ್ಲೇ ಬಿರುಕು ಬಿಡುತ್ತದೆ. ಅದರ ಆವಿ ಸುತ್ತಲೂ ಬೂದಿ ಬಡಿದ ಹಾಗೆ ಬೆಳ್ಳಗೆ ಕೂರುತ್ತದೆ. ಮತ್ತೆ ಬಿಡಿಸಲು ಹೋದರೆ ಕ್ಲಿಯರ್ ಕೋಟ್ ಸಮೇತ ಬರುತ್ತದೆ. ದಯವಿಟ್ಟು ಕಾರಿನ ಹತ್ತಿರ ಅದನ್ನು ತರಲೇಬೇಡಿ.

ಈ ಫೋಮ್ ಟೇಪಿನ ಸ್ವಭಾವ ಬೆಲ್ಲದ ಪಾಕದ ಹಾಗೆ. ಪಾಕ ಬೆಚ್ಚಗಿದ್ದಾಗ ನಿಧಾನವಾಗಿ ಎಳೆದರೆ ಎಳೆಎಳೆಯಾಗಿ ಬರುತ್ತದೆ. ತಣ್ಣಗಾದ ಮೇಲೆ ಬಲವಂತ ಮಾಡಿದರೆ ಪಾತ್ರೆಯ ಕೆರಕಲನ್ನೂ ಕಿತ್ತುಕೊಂಡು ಬರುತ್ತದೆ. ಟೇಪೂ ಹಾಗೇ. ಪಟ್ಟನೆ ಎಳೆದರೆ ಗಟ್ಟಿಯಾಗಿ ಎದುರು ನಿಲ್ಲುತ್ತದೆ, ಆಗ ಸೋಲುವುದು ಟೇಪ್ ಅಲ್ಲ, ಬಣ್ಣ. ಬೆಚ್ಚಗೆ ಮಾಡಿ ನಿಧಾನವಾಗಿ ಕೊಯ್ದರೆ ಮೆತ್ತಗೆ ಬಿಟ್ಟುಕೊಡುತ್ತದೆ.

ಕೈ ಹಾಕುವ ಮೊದಲು

ಎಲ್ಲ ಲೋಗೋಗಳೂ ಬರೀ ಟೇಪಿನ ಮೇಲೆ ನಿಂತಿರುವುದಿಲ್ಲ. ಕೆಲವಕ್ಕೆ ಹಿಂದೆ ಸಣ್ಣ ಕಡ್ಡಿಗಳಿರುತ್ತವೆ, ಅವು ತಗಡಿನ ತೂತಿನಲ್ಲಿ ಕೂತಿರುತ್ತವೆ. ಮುಂದಿನ ಗ್ರಿಲ್‌ನಲ್ಲಿರುವ ಲೋಗೋ ಬಹಳಷ್ಟು ಕಾರುಗಳಲ್ಲಿ ಹಿಂದಿನಿಂದ ಲಾಕ್ ಅಥವಾ ಸ್ಕ್ರೂ ಹಾಕಿದ್ದು. ಅಂಥವಕ್ಕೆ ದಾರ ಹಾಕಿ ಪ್ರಯೋಜನವಿಲ್ಲ, ಗ್ರಿಲ್ ಬಿಚ್ಚಬೇಕು. ಫೋಕ್ಸ್‌ವ್ಯಾಗನ್ ಪೋಲೊದಂಥ ಕಾರಿನಲ್ಲಿ ಹಿಂದಿನ ಲೋಗೋನೇ ಡಿಕ್ಕಿ ತೆಗೆಯುವ ಹಿಡಿ. ಟೊಯೋಟಾ, ಮರ್ಸಿಡಿಸ್‌ನ ಹಲವು ಮಾದರಿಗಳಲ್ಲಿ ಮುಂದಿನ ಲೋಗೋ ಹಿಂದೆ ರೇಡಾರ್ ಕೂತಿರುತ್ತದೆ. ತಾನಾಗಿ ಬ್ರೇಕ್ ಹಾಕುವ, ಮುಂದಿನ ಗಾಡಿಯ ದೂರ ಅಳೆಯುವ ವ್ಯವಸ್ಥೆ ನಿಮ್ಮ ಕಾರಿನಲ್ಲಿದ್ದರೆ ಮುಂದಿನ ಲೋಗೋ ಮುಟ್ಟಬೇಡಿ. ಸರ್ವಿಸ್ ಸೆಂಟರಿನವರಿಗೇ ಬಿಡಿ.

ಕಡ್ಡಿ ಇದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ, ಅದೇ ಮಾದರಿಯ ಹೊಸ ಲೋಗೋದ ಬೆನ್ನು ನೋಡುವುದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗದ ಅಂಗಡಿಗೆ ಹೋದರೆ ತೋರಿಸುತ್ತಾರೆ. ಅಂಗಡಿಯಲ್ಲಿ ಇದಕ್ಕೆ ‘ಮೊನೊಗ್ರಾಂ’ ಅಂತಲೂ ಹೆಸರು. ಲೋಗೋ ಅಂದಾಗ ಅರ್ಥವಾಗದಿದ್ದರೆ ಹಾಗೆ ಕೇಳಿ ನೋಡಿ.

ಇನ್ನೊಂದು ವಿಷಯವನ್ನು ಜನ ಗಮನಿಸುವುದೇ ಇಲ್ಲ. ಆ ಜಾಗಕ್ಕೆ ಹಿಂದೆ ಯಾವಾಗಲಾದರೂ ಬಣ್ಣ ಹೊಡೆದಿದ್ದಾರಾ? ಕಾರ್ಖಾನೆಯ ಬಣ್ಣವನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿರುತ್ತಾರೆ. ತಗಡಿಗೆ ಅದು ಕಚ್ಚಿಕೊಂಡಿರುತ್ತದೆ. ಹೊರಗೆ ಹೊಡೆಸಿದ ಬಣ್ಣ, ಅದರಲ್ಲೂ ಅಡಿಯಲ್ಲಿ ಪುಟ್ಟಿ (ನೆಗ್ಗು ತುಂಬುವ ಲೇಪ) ಮೆತ್ತಿದ ಬಣ್ಣ ಅಷ್ಟು ಗಟ್ಟಿ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಾದರೆ ಲೋಗೋ ಅಂಚನ್ನು ಟಾರ್ಚ್ ಹಿಡಿದು ನೋಡಿ. ಲೋಗೋ ಪಕ್ಕದಲ್ಲಿ ಬಣ್ಣ ದಪ್ಪಗೆ ಕಟ್ಟಿಕೊಂಡಿದ್ದರೆ ಅದನ್ನು ತೆಗೆಯದೇ ಸುತ್ತ ಬಣ್ಣ ಬಳಿದಿದ್ದಾರೆ ಅಂತ ಅರ್ಥ. ಪುಟ್ಟಿ ಅನುಮಾನವಿದ್ದರೆ ಫ್ರಿಜ್‌ಗೆ ಅಂಟಿಸುವ ಸಣ್ಣ ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ. ಬೇರೆ ಕಡೆ ಅಂಟಿ, ಇಲ್ಲಿ ಮಾತ್ರ ಜಾರಿದರೆ ಒಳಗೆ ಪುಟ್ಟಿ ಇರಬಹುದು. ಡಿಕ್ಕಿ ಬಾಗಿಲೇ ಪ್ಲಾಸ್ಟಿಕ್‌ನದಾಗಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ.

ತೆಗೆಯುವ ಕೆಲಸ

ಮೊದಲು ಕಾರು ತೊಳೆಯಿರಿ. ಲೋಗೋ ಸಂದಿಯನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ, ಶಾಂಪೂ ನೀರು ಹಾಕಿ ಮೆತ್ತಗೆ ಉಜ್ಜಿ. ನಮ್ಮ ಕಡೆಯ ಕಾರುಗಳಲ್ಲಿ ಆ ಸಂದಿಯೊಳಗೆ ಏನೆಲ್ಲ ಇರುತ್ತದೆ ನೋಡಿ: ಒಣಗಿದ ಪಾಲಿಶ್, ರಸ್ತೆಯ ಮರಳು, ಆಯುಧಪೂಜೆಯ ಕುಂಕುಮ. ಇದರಲ್ಲಿ ಒಂದು ಮರಳಿನ ಕಣ ದಾರಕ್ಕೆ ಸಿಕ್ಕಿದರೂ ಸಾಕು, ದಾರವೇ ಗರಗಸವಾಗುತ್ತದೆ.

ಒಣಗಿದ ಮೇಲೆ ಜಾಗ ಗುರುತು ಮಾಡಿಕೊಳ್ಳಿ. ಅದನ್ನೇ ವಾಪಸ್ ಅಂಟಿಸುವುದಾದರೆ ಇದನ್ನು ಬಿಡಲೇಬೇಡಿ. ಅಕ್ಷರಗಳ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ನಾಲ್ಕು ಮೂಲೆಗೂ ಮಾಸ್ಕಿಂಗ್ ಟೇಪ್ ಹಾಕಿ, ಪೆನ್ಸಿಲ್‌ನಿಂದ ಅಂಚು ಬಿಡಿಸಿಕೊಳ್ಳಿ. ಡಿಕ್ಕಿಯ ಅಂಚು, ದೀಪದ ಅಂಚು ಎರಡನ್ನೂ ಅದೇ ಕಾಗದದ ಮೇಲೆ ಗೆರೆ ಎಳೆದು ಇಟ್ಟುಕೊಳ್ಳಿ. ಬಣ್ಣ ಹೊಡೆದ ಮೇಲೆ ಲೋಗೋದ ಹಳೆ ಗುರುತು ಇರುವುದಿಲ್ಲ, ಆಗ ಈ ಗೆರೆಗಳೇ ಗತಿ. ಸ್ಕೋಡಾ ಸ್ಲಾವಿಯಾದಂಥ ಕಾರಿನ ಡಿಕ್ಕಿ ಮೇಲೆ ಅಕ್ಷರಗಳು ಒಂದೊಂದೂ ಬಿಡಿಬಿಡಿಯಾಗಿ, ದೂರದೂರ ಇರುತ್ತವೆ. ಅಳತೆ ಇಲ್ಲದೆ ಕಣ್ಣಂದಾಜಿನಲ್ಲಿ ಅಂಟಿಸಿದರೆ ಒಂದು ಅಕ್ಷರವಾದರೂ ಸೊಟ್ಟಗಾಗುತ್ತದೆ. ಪ್ರತಿ ಸಲ ಡಿಕ್ಕಿ ತೆಗೆಯುವಾಗ ಅದೇ ಕಣ್ಣಿಗೆ ಬೀಳುತ್ತದೆ.

ಈಗ ಶಾಖ. ಮನೆಯ ಹೇರ್ ಡ್ರೈಯರ್ ಸಾಕು. ಪೇಂಟ್ ಕೆರೆಯಲು ಬಳಸುವ ಹೀಟ್ ಗನ್ 500 ಡಿಗ್ರಿ ದಾಟುತ್ತದೆ. ಎಬಿಎಸ್ ಪ್ಲಾಸ್ಟಿಕ್ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ನಮಗೆ ಬೇಕಾಗಿರುವುದು 50-60 ಡಿಗ್ರಿ ಮಾತ್ರ. ಥರ್ಮಾಮೀಟರ್ ಏನೂ ಬೇಡ. ಡ್ರೈಯರನ್ನು ನಾಲ್ಕೈದು ಇಂಚು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ, ಒಂದೆರಡು ನಿಮಿಷ ಆಡಿಸುತ್ತಾ ಇರಿ. ಪಕ್ಕದ ತಗಡಿನ ಮೇಲೆ ಬೆರಳಿಟ್ಟರೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಡಲಾಗದು ಅನ್ನುವಷ್ಟು ಬಿಸಿಯಾದರೆ ಸಾಕು. ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಬಿಸಿಲಲ್ಲಿ ನಿಂತ ಕಾರಾದರೆ ಡ್ರೈಯರ್ ಬೇಕಾಗುವುದೇ ಇಲ್ಲ.

ದಾರ ಯಾವುದು? ಮೀನು ಹಿಡಿಯುವ ಗಾಳದ ನೈಲಾನ್ ದಾರ ಎಲ್ಲಕ್ಕಿಂತ ಒಳ್ಳೆಯದು. ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಸಣ್ಣದಿರಲಿ. ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ಕೂಡ ಆಗುತ್ತದೆ, ಆದರೆ ಬೇಗ ಹರಿಯುತ್ತದೆ. ಗಾಳಿಪಟದ ಮಾಂಜಾ ದಾರ ಮಾತ್ರ ಬೇಡವೇ ಬೇಡ. ಅದಕ್ಕೆ ಗಾಜಿನ ಪುಡಿ ಬಳಿದಿರುತ್ತಾರೆ. ತಂತಿಯೂ ಬೇಡ. ಒಂದೂವರೆ ಅಡಿ ದಾರ ಕತ್ತರಿಸಿ, ಎರಡೂ ತುದಿಗೆ ಪೆನ್ಸಿಲ್ ತುಂಡು ಕಟ್ಟಿಕೊಳ್ಳಿ. ಇಲ್ಲದಿದ್ದರೆ ದಾರ ಬೆರಳನ್ನೇ ಕೊಯ್ಯುತ್ತದೆ.

ಲೋಗೋ ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ. ಲೋಗೋದ ಕೆಳಗಡೆಯಿಂದ ಮೇಲಕ್ಕೂ ಒಂದು ಪಟ್ಟಿ ಸಡಿಲವಾಗಿ ಅಂಟಿಸಿ. ಬಿಟ್ಟ ತಕ್ಷಣ ಲೋಗೋ ಜಾರಿ ಬಂಪರ್ ಮೇಲೆ ಬೀಳದಿರಲಿ ಅಂತ. ಸಂದಿಗೆ ಸ್ವಲ್ಪ ಶಾಂಪೂ ನೀರು ಬಿಟ್ಟು, ದಾರವನ್ನು ಮೇಲಿನ ಮೂಲೆಯಿಂದ ಒಳಗೆ ಸೇರಿಸಿ, ಎಡಕ್ಕೂ ಬಲಕ್ಕೂ ಎಳೆಯುತ್ತಾ ಕೆಳಗೆ ಇಳಿಸುತ್ತಾ ಹೋಗಿ. ಎರಡೂ ಕೈ ತಗಡಿಗೆ ಸಮವಾಗಿರಲಿ, ದಾರ ಬಣ್ಣಕ್ಕಿಂತ ಲೋಗೋದ ಬೆನ್ನಿಗೇ ಹತ್ತಿರ ಒರಗಿರಲಿ. ಮೊದಲ ಅರ್ಧ ಇಂಚು ಜಗ್ಗುವುದೇ ಇಲ್ಲ ಅನ್ನಿಸುತ್ತದೆ. ಆಮೇಲೆ ಒಳಗಿಂದ ‘ಕುಯ್ಯ್’ ಅಂತ ಸಣ್ಣ ಸದ್ದು ಶುರುವಾಗುತ್ತದೆ. ಫೋಮ್ ಕೊಯ್ಯುತ್ತಿದೆ ಅಂತ ಅದರ ಅರ್ಥ. ಆ ಸದ್ದು ಕೇಳಿದ ಮೇಲೆ ಅವಸರ ಮಾಡಲು ಮನಸ್ಸಾಗುತ್ತದೆ, ಮಾಡಬೇಡಿ. ಬಿಸಿ ಆರಿದ ಹಾಗೆ ಅನ್ನಿಸಿದರೆ ದಾರವನ್ನು ಅಲ್ಲೇ ಬಿಟ್ಟು ಮತ್ತೊಮ್ಮೆ ಡ್ರೈಯರ್ ಆಡಿಸಿ.

ದಾರ ನಡುವೆ ಒಂದು ಕಡೆ ಸಿಕ್ಕಿಕೊಂಡು ಮುಂದೆ ಹೋಗದೇ ನಿಂತರೆ ನೀವೂ ನಿಲ್ಲಿ. ಅಲ್ಲಿ ಕಡ್ಡಿ ಇದೆ. ಅದರ ಸುತ್ತಲಿನ ಟೇಪನ್ನು ಬಿಡಿಸಿಕೊಂಡು, ಲೋಗೋವನ್ನು ನೇರವಾಗಿ ನಿಮ್ಮ ಕಡೆಗೆ ಎಳೆದರೆ ಕಡ್ಡಿ ತೂತಿನಿಂದ ಹೊರಗೆ ಬರುತ್ತದೆ. ಚಿಕ್ಕಪ್ಪನ ಕಾರಿನಲ್ಲಿ ಅಕ್ಷರಗಳಿಗೆ ಕಡ್ಡಿ ಇರಲಿಲ್ಲ, ಲೋಗೋಗೆ ಎರಡಿತ್ತು. ಗ್ಯಾರೇಜಿನ ಹುಡುಗ ಅವತ್ತು ಅಷ್ಟು ಬಲ ಹಾಕಿ ಮೀಟಿದ್ದು ಯಾಕೆ ಅಂತ ನನಗೆ ಆಗ ಗೊತ್ತಾಯಿತು.

ಉಳಿದ ಅಂಟು

ಲೋಗೋ ಬಂದ ಮೇಲೆ ಬಣ್ಣದ ಮೇಲೆ ಬೂದು ಬಣ್ಣದ ಫೋಮ್ ಉಳಿದಿರುತ್ತದೆ. ನೋಡಿ ಗಾಬರಿಯಾಗಬೇಡಿ. ಅದು ಉಳಿಯಲೇಬೇಕು, ನಾವು ಕೊಯ್ದಿದ್ದು ನಡುವೆ ತಾನೇ? ಮತ್ತೆ ಬಿಸಿ ಮಾಡಿ, ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ಉರುಳಿಸುತ್ತಾ ಹೋಗಿ. ಚಪಾತಿ ಹಿಟ್ಟು ಕೈಯಿಂದ ಬಿಡಿಸಿಕೊಳ್ಳುವ ಹಾಗೆ ಉಂಡೆ ಉಂಡೆಯಾಗಿ ಬರುತ್ತದೆ. ಬೆರಳು ನೋಯುತ್ತದೆ, ಆದರೆ ಬಣ್ಣಕ್ಕೆ ಇದಕ್ಕಿಂತ ಸುರಕ್ಷಿತ ಉಪಕರಣ ಇಲ್ಲ. ಉಗುರು ಬೇಡ, ಬ್ಲೇಡ್ ಅಂತೂ ಬೇಡವೇ ಬೇಡ.

ಕೊನೆಗೆ ಉಳಿಯುವ ಜಿಗುಟಿಗೆ ಎಣ್ಣೆ ಬೇಕು. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತೇವಲ್ಲ, ಅದೇ ಲೆಕ್ಕ. ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ತೆಳು ಜಿಗುಟು ಸಡಿಲವಾಗುತ್ತದೆ. ಜಾಸ್ತಿ ಇದ್ದರೆ ಸೀಮೆಎಣ್ಣೆ ಅಥವಾ ಕಾರಿನ ಡಾಂಬರು ತೆಗೆಯುವ ದ್ರವವನ್ನು ಮೆತ್ತನೆ ಬಟ್ಟೆಗೆ ಹಾಕಿ ಒರೆಸಿ. ಬಹಳ ಗ್ಯಾರೇಜುಗಳಲ್ಲಿ ಕೈಗೆ ಸಿಗುವುದು ಥಿನ್ನರ್. ಕಾರ್ಖಾನೆಯ ಬಣ್ಣ ಅದನ್ನು ಒಂದೆರಡು ಸೆಕೆಂಡ್ ತಡೆದುಕೊಳ್ಳಬಹುದು, ಹೊರಗೆ ಹೊಡೆಸಿದ ಬಣ್ಣ ಮಂಕಾಗಿ ಮೆತ್ತಗಾಗಿಬಿಡುತ್ತದೆ. ಲೋಗೋದ ಎಬಿಎಸ್ ಪ್ಲಾಸ್ಟಿಕ್ ಅಂತೂ ಥಿನ್ನರಿನಲ್ಲಿ ಕರಗಿಯೇ ಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಸೀಮೆಎಣ್ಣೆ, ಸ್ಪಿರಿಟ್ ಹಚ್ಚಿದ ಜಾಗಕ್ಕೆ ಡ್ರೈಯರ್ ಹಿಡಿಯಬೇಡಿ. ಬೆಂಕಿ ಹತ್ತುತ್ತದೆ.

ಎಲ್ಲ ಒರೆಸಿದ ಮೇಲೂ ಅಕ್ಷರದ ನೆರಳು ಕಾಣಬಹುದು. ಅಂಚಿನಲ್ಲಿ ಕೂತ ಕೊಳೆಯಾದರೆ ಪಾಲಿಶ್‌ಗೆ ಹೋಗುತ್ತದೆ. ಆದರೆ ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಲೋಗೋ ಅಡಿಯ ಬಣ್ಣ ಹೊಸದಾಗೇ ಉಳಿದಿದ್ದರೆ ಪಾಲಿಶ್ ಅದನ್ನು ಪೂರ್ತಿ ಅಳಿಸುವುದಿಲ್ಲ. ಕೆಂಪು ಕಾರಿನಲ್ಲಿ ಇದು ಎದ್ದು ಕಾಣುತ್ತದೆ, ಬೆಳ್ಳಿ ಬಣ್ಣದಲ್ಲಿ ಅಷ್ಟಾಗಿ ಇಲ್ಲ. ಹಳೆ ಕಾರಿನ ಲೋಗೋ ತೆಗೆದು ಖಾಲಿ ಬಿಡಬೇಕು ಅನ್ನುವವರು, ಬೇರೆ ಆಕಾರದ ಹೊಸ ಲೋಗೋ ಹಾಕಬೇಕು ಅನ್ನುವವರು ಇದನ್ನು ಮೊದಲೇ ಯೋಚಿಸಬೇಕು. 2021ರಲ್ಲಿ ಕಿಯಾ ಹಳೆಯ ಮೊಟ್ಟೆಯಾಕಾರದ ಲೋಗೋ ಬಿಟ್ಟು ಹೊಸ ಅಕ್ಷರಗಳಿಗೆ ಬದಲಾಯಿತಲ್ಲ, ಅಂಥ ಕಡೆ ಹೊಸದು ಹಳೆಯದರ ಗುರುತನ್ನು ಪೂರ್ತಿ ಮುಚ್ಚುವುದಿಲ್ಲ.

ವಾಪಸ್ ಅಂಟಿಸುವಾಗ

ಲೋಗೋ ಬೆನ್ನಿನ ಹಳೆ ಟೇಪನ್ನು ಪೂರ್ತಿ ತೆಗೆಯಲೇಬೇಕು. ಅದರ ಮೇಲೇ ಹೊಸದು ಹಾಕಿದರೆ ನಿಲ್ಲುವುದಿಲ್ಲ. ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮುಖ ಕೆಳಗೆ ಮಾಡಿ ಮೆತ್ತನೆ ಬಟ್ಟೆ ಮೇಲಿಟ್ಟು, ಬೆರಳಿನಿಂದ ಉಜ್ಜಿ ತೆಗೆಯಿರಿ. ಕುದಿಯುವ ನೀರು ಬೇಡ.

ಟೇಪ್ ಕೊಳ್ಳುವಾಗ ಕಂಜೂಸ್ ಮಾಡಬೇಡಿ. ಫೋಟೋ ಅಂಟಿಸುವ ಬಿಳಿ ಫೋಮ್ ಟೇಪ್ ಬಿಸಿಲಿಗೆ ಪುಡಿಯಾಗುತ್ತದೆ. ಕಾರಿಗೆಂದೇ ಬರುವ ಅಕ್ರಿಲಿಕ್ ಫೋಮ್ ಟೇಪ್ ಬೇಕು. 3ಎಂ ಕಂಪನಿ 1980ರಲ್ಲಿ ವಿಎಚ್‌ಬಿ ಅನ್ನುವ ಹೆಸರಿನಲ್ಲಿ ತಂದ ಟೇಪ್ ಈ ಜಾತಿಯದು. ಬೂದು ಅಥವಾ ಕಪ್ಪು ಬಣ್ಣದ್ದು, ಒಂದು ಮಿಲಿಮೀಟರ್ ಆಸುಪಾಸು ದಪ್ಪದ್ದು ತನ್ನಿ. ಅಕ್ಷರಕ್ಕೆ ಅಂಟಿಸಿ, ಅಂಚಿನಿಂದ ಒಂದು ಮಿಲಿಮೀಟರ್ ಒಳಗೆ ಬರುವ ಹಾಗೆ ಚೂಪಾದ ಬ್ಲೇಡ್‌ನಿಂದ ಕತ್ತರಿಸಿ. ಇದನ್ನು ಮೇಜಿನ ಮೇಲೆ ಮಾಡಿ, ಕಾರಿನ ಮೇಲೆ ಅಲ್ಲ. ಮೂಲೆಗಳಲ್ಲಿ ಟೇಪ್ ಇರಲೇಬೇಕು, ಲೋಗೋ ಏಳುವುದು ಅಲ್ಲಿಂದಲೇ.

ಅಂಟಿಸುವ ಜಾಗದಲ್ಲಿ ವ್ಯಾಕ್ಸ್, ಪಾಲಿಶ್, ಎಣ್ಣೆಯ ಪಸೆ ಇರಬಾರದು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಶುದ್ಧ ನೀರನ್ನು ಸಮಸಮ ಬೆರೆಸಿ ಒರೆಸಿ, ಒಣಗಲು ಬಿಡಿ. ಮೊಬೈಲ್ ರಿಪೇರಿಯವರು ಇದನ್ನೇ ಬಳಸುತ್ತಾರೆ, ಅವರನ್ನು ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ. ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಪಸೆ ಉಳಿಯುತ್ತದೆ. ಸೆರಾಮಿಕ್ ಕೋಟಿಂಗ್ ಮಾಡಿಸುವ ಯೋಚನೆ ಇದ್ದರೆ ಮೊದಲು ಲೋಗೋ ಅಂಟಿಸಿ, ಆಮೇಲೆ ಕೋಟಿಂಗ್. ಆ ಕೋಟಿಂಗ್ ಮೇಲೆ ನೀರೇ ನಿಲ್ಲುವುದಿಲ್ಲ, ಟೇಪ್ ಹೇಗೆ ನಿಲ್ಲುತ್ತದೆ?

ಹೊಸದಾಗಿ ಬಣ್ಣ ಹೊಡೆಸಿದ್ದರೆ ಕಾಯಬೇಕು. ಮುಟ್ಟಿದಾಗ ಒಣಗಿದ ಹಾಗೆ ಕಂಡರೂ ಒಳಗಿನ ಥಿನ್ನರ್ ಅಂಶ ಇನ್ನೂ ಹೊರಗೆ ಬರುತ್ತಿರುತ್ತದೆ. ಎಷ್ಟು ದಿನ ಅನ್ನುವುದು ಬಣ್ಣದ ಮೇಲೆ, ಅದನ್ನು ಬೇಯಿಸಿದ್ದಾರೋ ಇಲ್ಲವೋ ಅನ್ನುವುದರ ಮೇಲೆ ಹೋಗುತ್ತದೆ. ಪೇಂಟರ್‌ನ ಕೇಳಿ. ನಾನು ಮೂರು ವಾರ ಬಿಟ್ಟೆ. ಅಷ್ಟು ದಿನ ಹೆಸರಿಲ್ಲದ ಕಾರನ್ನು ಓಡಿಸಬೇಕಲ್ಲ ಅಂತ ಚಿಕ್ಕಪ್ಪ ಗೊಣಗಿದರು.

ಅಂಟಿಸುವ ದಿನ ತಗಡು ತೀರಾ ತಣ್ಣಗೂ ಇರಬಾರದು, ಸುಡಲೂಬಾರದು. ಟೇಪಿಗೆ ಹಿತವಾದದ್ದು 21ರಿಂದ 38 ಡಿಗ್ರಿ. ಮಡಿಕೇರಿಯ ಜುಲೈ ಬೆಳಗ್ಗೆ ಆದರೆ ಡ್ರೈಯರ್ ಹಿಡಿದು ತಗಡಿನ ತೇವ ಆರಿಸಿ, ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಆದರೆ ಒರೆಸಿದ ಆಲ್ಕೋಹಾಲ್ ಪೂರ್ತಿ ಆರಿದ ಮೇಲೇ.

ಬಿಡಿ ಅಕ್ಷರಗಳನ್ನು ಒಂದೊಂದಾಗಿ ಅಂಟಿಸಲು ಹೋಗಬೇಡಿ. ಟ್ರೇಸಿಂಗ್ ಪೇಪರನ್ನು ಮೇಜಿನ ಮೇಲೆ ಹಾಸಿ, ಅಕ್ಷರಗಳನ್ನು ಗೆರೆಯ ಮೇಲೆ ಜೋಡಿಸಿ, ಮುಖದ ಮೇಲೆ ಅಗಲದ ಮಾಸ್ಕಿಂಗ್ ಟೇಪ್ ಎಳೆಯಿರಿ. ಈಗ ಎಲ್ಲ ಅಕ್ಷರಗಳೂ ಒಂದೇ ತುಂಡಿನ ಹಾಗೆ ಎದ್ದು ಬರುತ್ತವೆ. ಕಾಗದದಲ್ಲಿ ಅಳೆದುಕೊಂಡ ಗುರುತನ್ನು ಡಿಕ್ಕಿಯ ಮೇಲೆ ಮಾಸ್ಕಿಂಗ್ ಟೇಪಿನಿಂದ ಮೂಡಿಸಿ, ಮೊದಲು ಅಂಟಿನ ಕಾಗದ ಬಿಡಿಸದೇ ಇಟ್ಟು ನೋಡಿ. ಎರಡು ಹೆಜ್ಜೆ ಹಿಂದೆ ಬಂದು, ನೇರವಾಗಿದೆಯಾ ಅಂತ ಇನ್ನೊಬ್ಬರಿಗೂ ತೋರಿಸಿ. ಈ ಟೇಪ್ ಎರಡನೇ ಅವಕಾಶ ಕೊಡುವುದಿಲ್ಲ.

ಒತ್ತುವುದರ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಈ ಟೇಪ್ ಚೆನ್ನಾಗಿ ಹಿಡಿಯಬೇಕಾದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಬೀಳಬೇಕು. ಒಂದು ಅಕ್ಷರದ ಹಿಂದೆ ನಾಲ್ಕು ಚದರ ಸೆಂಟಿಮೀಟರ್ ಟೇಪ್ ಇದ್ದರೆ ನಾಲ್ಕು ಕಿಲೋ. ಹೆಬ್ಬೆರಳಿಗೆ ಅಷ್ಟು ಶಕ್ತಿ ಇದೆ. ಆದರೆ ಅಂಗೈ ಅಗಲದ ಲೋಗೋಗೆ ಮೂವತ್ತು ಕಿಲೋ ಮೇಲೆ ಬೇಕು. ಒಂದೇ ಸಲ ಅಷ್ಟು ಒತ್ತಿದರೆ ತಗಡು ನೆಗ್ಗೀತು. ಅದಕ್ಕೇ ಇಂಚು ಇಂಚಾಗಿ, ಪ್ರತಿ ಜಾಗದಲ್ಲೂ ಹತ್ತು ಸೆಕೆಂಡ್ ಒತ್ತುತ್ತಾ ಸುತ್ತಿ ಬನ್ನಿ.

ಸಾಮಾನ್ಯ ಹವೆಯಲ್ಲಿ ಈ ಟೇಪ್ 20 ನಿಮಿಷಕ್ಕೆ ತನ್ನ ಶಕ್ತಿಯ ಅರ್ಧದಷ್ಟು ಹಿಡಿಯುತ್ತದೆ. 24 ಗಂಟೆಗೆ ನೂರಕ್ಕೆ ಸುಮಾರು 90 ಭಾಗ, ಪೂರ್ತಿ ಹಿಡಿಯಲು 72 ಗಂಟೆ. ಮೊದಲ ದಿನ ಕಾರು ತೊಳೆಯಬೇಡಿ. ಮೂರು ದಿನ ಪ್ರೆಷರ್ ಪಂಪಿನ ನೀರು ಬೇಡ. ಆಮೇಲೂ ಪಂಪಿನ ನಳಿಕೆಯನ್ನು ಲೋಗೋ ಅಂಚಿಗೆ ನೇರವಾಗಿ ಹಿಡಿಯದಂತೆ ವಾಟರ್ ಸರ್ವಿಸ್‌ನವರಿಗೆ ಹೇಳಿ.

ಆ ಟ್ರೇಸಿಂಗ್ ಪೇಪರನ್ನು ನಾನು ಬಿಸಾಡಲಿಲ್ಲ. ಮಡಿಸಿ, ಉಳಿದ ಎರಡು ಗೇಣು ಟೇಪಿನ ಜೊತೆ ಚಿಕ್ಕಪ್ಪನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಇನ್ಶೂರೆನ್ಸ್ ಕಾಗದಗಳ ಕವರಿನಲ್ಲೇ ಇಟ್ಟಿದ್ದೇನೆ.